ಮಜ್ಜೆಯ ಅಂಕ

ಇಪ್ಪತ್ತೆಂಟು ವರ್ಷ ಮಕ್ಕಳ ಉತ್ತರಪತ್ರಿಕೆಗೆ ಅಂಕ ಹಾಕಿದವಳು ನಾನು. ಮೂಳೆಮಜ್ಜೆಯ ಜೀನುಗಳಿಗೂ ಅಂಕವಿದೆ ಎಂದು ತಿಳಿದದ್ದು ಓರಗಿತ್ತಿಗೆ ಅಕ್ಯೂಟ್ ಮೈಲಾಯ್ಡ್ ಲ್ಯುಕೀಮಿಯಾ ಎಂದು ಗೊತ್ತಾದ ಮೇಲೆ.

ನಮ್ಮ ಹೆಚ್ಚಿನ ಜೀವಕೋಶಗಳ ಕೈಯಲ್ಲಿರುವುದು ಒಂದೇ ಪಠ್ಯಪುಸ್ತಕ. ಯಾವ ಪಾಠವನ್ನು ಗಟ್ಟಿಯಾಗಿ ಓದುತ್ತವೆ, ಯಾವುದನ್ನು ಮುಚ್ಚಿಡುತ್ತವೆ ಎನ್ನುವುದರಲ್ಲೇ ವ್ಯತ್ಯಾಸ. ಆ ಓದಿನ ಸದ್ದೇ ಜೀನ್ ಅಭಿವ್ಯಕ್ತಿ. ಈ ಕಾಯಿಲೆಯಲ್ಲಿ 17 ಜೀನುಗಳ ಸದ್ದನ್ನು ಅಳೆದು ಅಂಕ ಕೊಡುವ ಕ್ರಮವನ್ನು ಟೊರಾಂಟೋದ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದರು. ಹೆಚ್ಚು ಅಂಕದವರ ಗುಂಪಿನಲ್ಲಿ ಮಾಮೂಲು ಚಿಕಿತ್ಸೆ ಅಷ್ಟಾಗಿ ಫಲಿಸಿರಲಿಲ್ಲ, ಬದುಕಿದ ಕಾಲವೂ ಕಡಿಮೆ. (ನಾವೋ, ಹೆಚ್ಚು ಅಂಕ ಬಂದರೆ ಪೇಡೆ ಹಂಚುವವರು!)

ಮನೆಯವರೆಲ್ಲ "ಎಷ್ಟು ದಿನವಂತೆ?" ಎಂದು ಅಡುಗೆಮನೆಯಲ್ಲಿ ಪಿಸುಗುಟ್ಟುತ್ತಿದ್ದರು. ನೇರವಾಗಿ ಕೇಳಿದವಳು ಅವಳೊಬ್ಬಳೇ: "ಅಕ್ಕಾ, ಆ ಅಂಕ ತೆಗೆಸಿದರೆ ನನ್ನ ದಿನಗಳ ಲೆಕ್ಕ ಸಿಗುತ್ತದಾ?"

"ಇಲ್ಲ ಕಣೇ. ನೂರಾರು ಜನರ ಗುಂಪಿಗೆ ಏನಾಯಿತೆಂದು ಅದು ಹೇಳೀತು. ನಿನ್ನೊಬ್ಬಳದು ಹೇಳಲಾರದು. ಯಾರಿಗೆ ಮಜ್ಜೆ ಕಸಿ ಬೇಕಾದೀತು ಎಂದು ಯೋಚಿಸಲು ಡಾಕ್ಟರಿಗೆ ಇಂಥ ಲೆಕ್ಕ ನೆರವಾಗಬಹುದು, ಅಷ್ಟೆ."

ಅವಳು ಸ್ವಲ್ಪ ಹೊತ್ತು ಸೆರಗಿನ ಅಂಚು ಮಡಿಸುತ್ತ ಕುಳಿತಳು.

"ಹಾಗಾದರೆ ಲೆಕ್ಕ ಡಾಕ್ಟರ ಹತ್ತಿರವೇ ಇರಲಿ. ಮಜ್ಜೆ ಕೊಡುವುದಕ್ಕೆ ನನ್ನ ತಮ್ಮ ಒಪ್ಪುತ್ತಾನಾ, ನೀವೇ ಒಂದು ಮಾತು ಕೇಳಿ ಅಕ್ಕಾ. ನನಗೆ ಬಾಯಿ ಬರುವುದಿಲ್ಲ."