ಕತ್ತಲೆಕಾನಿನ ಜಡ್ಡಿಯಲ್ಲಿ

ಡೊಂಬಿವಲಿಗೆ ಬಂದು ಇಪ್ಪತ್ತಾರು ವರ್ಷವಾಯಿತು. ದೀಪಾವಳಿಗೆ ಕೊಂಕಣ ರೈಲಿನಲ್ಲಿ ಹೊನ್ನಾವರಕ್ಕೆ ಬಂದಿಳಿದು, ಗೇರುಸೊಪ್ಪೆ ಘಟ್ಟ ಹತ್ತಿ ಸಿದ್ದಾಪುರದ ಕಡೆಯ ನಮ್ಮೂರಿಗೆ ಹೋಗುವುದು ರೂಢಿ. ದಾರಿಯಲ್ಲಿ ಸಿಗುವ ಕತ್ತಲೆಕಾನನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದಷ್ಟೇ. ಕಳೆದ ವರ್ಷ ದೊಡ್ಡಪ್ಪನ ಮಗ, ನನ್ನ ಅಣ್ಣ, ಒತ್ತಾಯದಿಂದ ಅಲ್ಲಿ ಇಳಿಸಿಕೊಂಡ.

ರಸ್ತೆ ಬಿಟ್ಟು ಸ್ವಲ್ಪ ಕೆಳಗಿಳಿಯುವಷ್ಟರಲ್ಲಿ ನೆಲ ಕೆಸರಾಯಿತು. ಕಾಲಿಗೆ ಉಂಬಳ ಹತ್ತಿದವು. ವರ್ಷವಿಡೀ ನೀರು ಜಿನುಗುವ ಇಂಥ ತಗ್ಗಿಗೆ ನಮ್ಮ ಕಡೆ ಜಡ್ಡಿ ಎನ್ನುತ್ತಾರೆ. ಇಲ್ಲಿ ಬೆಳೆಯುವುದು ರಾಮಪತ್ರೆ ಜಾತಿಯ ಮರಗಳು. ಕೆಸರಿನೊಳಗೆ ಉಸಿರಾಡಲು ಆಗದ್ದರಿಂದ ಅವುಗಳ ಬೇರು ಮಡಚಿದ ಮೊಣಕಾಲಿನ ಹಾಗೆ ಮೇಲೆದ್ದು, ಗಾಳಿ ಪಡೆದು ಮತ್ತೆ ಒಳಗಿಳಿಯುತ್ತದೆ.

ಅಣ್ಣ ತೋರಿಸಲು ತಂದದ್ದು ಬೇರೊಂದು ಮರ. ಕೈ ಚಾಚಿದೆ. "ಮುಟ್ಟಡ ಮಾರಾಯ, ಕೇರಿನ ಜಾತಿದು! ಸೊನೆ ತಾಗಿದ್ರೆ ಬೊಕ್ಕೆ ಏಳ್ತು" ಎಂದ. ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕೇರುಕಾಯಿಯ ನೆಂಟ ಇದು. ಹೊಸ ಪ್ರಭೇದವೆಂದು ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟದ್ದು 2000ದಲ್ಲಿ: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಲ್ಯಾಟಿನ್ ಹೆಸರಿನೊಳಗೆ ನಮ್ಮ ಕತ್ತಲೆ, ನಮ್ಮ ಕಾನು! ಹೆಮ್ಮೆಯಾಯಿತು.

ಆಮೇಲೆ ಸುತ್ತಲಿನ ಇನ್ನೂ ಕೆಲವು ಜಡ್ಡಿಗಳಲ್ಲಿ ಈ ಮರ ಸಿಕ್ಕಿದೆ. ಆದರೂ ಒಂದೊಂದನ್ನೇ ಎಣಿಸಬಹುದಾದಷ್ಟು ಕಡಿಮೆ. ಇದರ ಬೀಜವನ್ನು ಒಣಗಿಸಿ ಕೂಡಿಡಲು ಬರುವುದಿಲ್ಲ, ಒಣಗಿದರೆ ಸತ್ತಿತು. ಶಿರಸಿಯ ಅರಣ್ಯ ಕಾಲೇಜಿನವರು ಸಸಿ ಮಾಡಿ ಜಡ್ಡಿಗಳಲ್ಲಿ ನೆಡಿಸಿದ್ದಾರೆ.

"ಜಡ್ಡಿಗಳೇ ಯಾಕೆ ಇಷ್ಟು ಕಡಿಮೆ?" ಎಂದು ಕೇಳಿದೆ.

ಅಣ್ಣ ನಕ್ಕ. "ನಮ್ಮನೆ ಕೆಳಗಿನ ಗದ್ದೆಗೆ ಎಂತ ಹೆಸರು, ಹೇಳು?"

ಜಡ್ಡಿಗದ್ದೆ. ಬಾಲ್ಯದಲ್ಲಿ ಸಾವಿರ ಸಲ ಹೇಳಿದ ಹೆಸರು; ಅರ್ಥ ಹೊಳೆದದ್ದು ಆಗ. ಬತ್ತದ ನೀರಿದ್ದಲ್ಲೇ ಗದ್ದೆ, ಅಡಿಕೆ ತೋಟ. ನಮ್ಮ ಹಿರಿಯರೂ ಅದನ್ನೇ ಮಾಡಿದ್ದರು. ನನ್ನ ಕಾಲೇಜಿನ ಫೀಸು, ಮುಂಬಯಿಯ ಮೊದಲ ಟಿಕೆಟ್ಟು, ಎರಡೂ ಆ ಅಡಿಕೆಯಿಂದಲೇ ಬಂದವು. ಅವರನ್ನು ದೂರಲು ನನಗೆ ಬಾಯಿಲ್ಲ.

ತೋಟದ ತುದಿಯಲ್ಲಿ ಈಗಲೂ ನೀರು ಜಿನುಗುವ ಒಂದು ಮೂಲೆ ಉಳಿದಿದೆ. ಅದಕ್ಕೆ ಮಣ್ಣು ತುಂಬಿಸಿ ಹತ್ತಿಪ್ಪತ್ತು ಅಡಿಕೆ ಸಸಿ ನೆಡುವ ಮಾತು ನಡೆದಿತ್ತು; ಖರ್ಚಿನಲ್ಲಿ ನನ್ನ ಪಾಲೂ ಇತ್ತು. ಮನೆಗೆ ಬಂದವನೇ ಬೇಡವೆಂದೆ. ಅಣ್ಣ ಆ ಮಾತಿಗೇ ಕಾದಿದ್ದನೇನೋ, ಕವಳದ ಬಟ್ಟಲು ನನ್ನ ಕಡೆ ಸರಿಸಿದ.