ದಾದಿಯ ವಿಡಿಯೋ

ಸಂಶಿಯ ನಮ್ಮ ಮನೆ ಕಟ್ಟೆಯ ಮೇಲೆ ದಾದಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಹಳೆಯ ಮಾತು ಹೇಳುತ್ತಿದ್ದರು. ಮೊಬೈಲಿನಲ್ಲಿ ಹಿಡಿದು, ಎಡಿಟ್ ಮಾಡಿ ಎಕ್ಸ್‌ಪೋರ್ಟ್ ಮಾಡಿದೆ. ಅಕ್ಷರ ತಪ್ಪಿತ್ತು. ಎಕ್ಸ್‌ಪೋರ್ಟ್ ಆದದ್ದನ್ನೇ ತಿದ್ದಿ ಮತ್ತೆ ಎಕ್ಸ್‌ಪೋರ್ಟ್ ಮಾಡಿದೆ. ಹೀಗೆ ಮೂರು ಸಲ. ಜಾಗವಿಲ್ಲವೆಂದು ಮೂಲ ಕ್ಲಿಪ್ ಅಳಿಸಿದೆ.

"ಅಮ್ಮಿಯ ಮುಖ ಯಾಕೆ ಮಸುಕು?" ಎಂದು ಹುಬ್ಬಳ್ಳಿಯ ಫುಫು ಕೇಳಿದರು.

ಫೈಲು ಚಿಕ್ಕದಾಗಲೆಂದು ಪ್ರತಿ ಎಕ್ಸ್‌ಪೋರ್ಟ್ ಸೂಕ್ಷ್ಮ ವಿವರಗಳನ್ನು ಬಿಡುತ್ತದೆ. ನಮ್ಮ ಅಕೌಂಟೆನ್ಸಿಯ ಸವಕಳಿಯಂತೆ, ಉಳಿದದ್ದರಲ್ಲೇ ಮತ್ತೆ ಕಡಿತ. 4ಕೆ ಮಾಡಿ ನೋಡಿದೆ. ಫೈಲು ದಪ್ಪವಾಯಿತು, ದಾದಿಯ ಸುಕ್ಕುಗಳು ಮರಳಲಿಲ್ಲ. ಈಗ ಮೂಲ ಕ್ಲಿಪ್ ಉಳಿಸಿ, ಪ್ರಾಜೆಕ್ಟ್‌ನಲ್ಲೇ ತಿದ್ದುತ್ತೇನೆ. 1080ರಲ್ಲಿ ತೆಗೆದದ್ದು 1080ರಲ್ಲೇ, ಬಿಟ್‌ರೇಟ್ ಮಾತ್ರ ಹೆಚ್ಚು. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸುತ್ತೇನೆ.

ಇನ್ನೊಮ್ಮೆ ತೆಗೆಯಬೇಕೆಂದಿದ್ದೆ. ರಂಜಾನ್‌ಗೆ ಮೊದಲೇ ದಾದಿ ತೀರಿಕೊಂಡರು. ಆ ಮಸುಕು ಫೈಲನ್ನೇ ಮೂರು ಕಡೆ ಇಟ್ಟಿದ್ದೇನೆ.