ಮಾಡು ಮಡಚುವ ಕಾರಿನ ಗಿಯರ್‌ಬಾಕ್ಸು

ಊರಿಗೆ ಬಂದು ಕೆಲವು ವರ್ಷಗಳಾದರೂ ಇಗರ್ಜಿಯ ಅಂಗಳದಲ್ಲಿ ಸಿಕ್ಕಿದವರು ನನ್ನಲ್ಲಿ ಕೇಳುವುದು ಗಾಡಿಯ ವಿಷಯವನ್ನೇ. ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದ ಒಂದು ಗ್ಯಾರೇಜಿನಲ್ಲಿ ಹತ್ತೊಂಬತ್ತು ವರ್ಷ ಗಿಯರ್‌ಬಾಕ್ಸ್ ಬಿಚ್ಚಿ ಜೋಡಿಸಿದವನಲ್ಲಿ ಬೇರೇನು ಕೇಳಿಯಾರು? ನಮ್ಮ ಕಾಸರಗೋಡಿನ ಕಡೆ ಗಲ್ಫಿನಲ್ಲಿ ಒಬ್ಬರಾದರೂ ಇಲ್ಲದ ಮನೆ ಕಡಿಮೆ. ಮಕ್ಕಳು ಅಲ್ಲಿ ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೊರಟರೆ ಫೋನು ಇಲ್ಲಿಗೆ ಬರುತ್ತದೆ. 2024ರ ಡಿಸೆಂಬರಿನಲ್ಲಿ ಬಂದದ್ದು ನನ್ನ ಅಕ್ಕನ ಮಗನದು. ದುಬಾಯಿಯಲ್ಲಿ ಅಕೌಂಟೆಂಟ್, ಇನ್ನೂ ಮದುವೆಯಾಗಿಲ್ಲ. "ಮಾಮಾ, ಟಾಪ್ ಮಡಚುವ ಸಣ್ಣ ಕಾರು ಒಂದು ತೆಗೆಯಬೇಕೆಂದಿದ್ದೇನೆ" ಎಂದ.

ಅಕ್ಕನಿಗೆ ವಿಷಯ ಮೊದಲೇ ಗೊತ್ತಾಗಿತ್ತು. "ಇಲ್ಲಿ ಮನೆಯ ಮಾಡು ಸೋರುತ್ತಿದೆ, ಅವನಿಗೆ ಅಲ್ಲಿ ಮಾಡೇ ಇಲ್ಲದ ಕಾರು ಬೇಕಂತೆ!" ಎಂದು ನನ್ನ ಮುಂದೆ ಹೇಳಿದಳು. ಅವಳ ಮಾತಿನಲ್ಲಿ ತಪ್ಪಿಲ್ಲ. ಹುಡುಗನ ಕೈಯಲ್ಲಿದ್ದದ್ದು ನಾಲ್ಕು ವರ್ಷದ ಉಳಿತಾಯ, 36 ಸಾವಿರ ದಿರ್ಹಮ್. ಅದರಲ್ಲಿ ಹತ್ತು ಸಾವಿರ ಮನೆಯ ಪಕ್ಕಾಸು, ಹಂಚು ಬದಲಿಸಲಿಕ್ಕೆ ಎಂದು ಅವನೇ ತೆಗೆದಿಟ್ಟಿದ್ದ. ನಾನು ಉಪದೇಶ ಮಾಡಲಿಲ್ಲ. ಇಪ್ಪತ್ತೇಳರ ಹುಡುಗನಿಗೆ ಗಾಳಿಯಲ್ಲಿ ಗಾಡಿ ಓಡಿಸುವ ಆಸೆ ಇರುವುದು ಅಪರಾಧವಲ್ಲ. ಆದರೆ ಒಂದು ಮಾತು ಹೇಳಿದೆ: "ಗಿಯರ್‌ಬಾಕ್ಸ್ ಕೆಟ್ಟ ಕಾರು ತೆಗೆದುಕೊಂಡರೆ ಆ ಹತ್ತು ಸಾವಿರವೂ ಅದರ ಹೊಟ್ಟೆಗೇ ಹೋಗುತ್ತದೆ."

ಹಳೆಯ ಸಣ್ಣ ಕಾರಿನಲ್ಲಿ ಬಣ್ಣ ಮಾಸಿದರೆ ಕಣ್ಣಿಗೆ ಕಾಣುತ್ತದೆ, ಇಂಜಿನ್ ಎಣ್ಣೆ ಕುಡಿದರೆ ಹೊಗೆಯಲ್ಲಿ ಕಾಣುತ್ತದೆ. ಗಿಯರ್‌ಬಾಕ್ಸಿನ ರೋಗ ಹಾಗಲ್ಲ, ಓಡಿಸದೆ ತಿಳಿಯದು. ರಿಪೇರಿಯ ಖರ್ಚೋ, ಕೆಲವೊಮ್ಮೆ ಕಾರಿನ ಬೆಲೆಯ ಅರ್ಧಕ್ಕೆ ಬಂದು ನಿಲ್ಲುತ್ತದೆ. ಟಾಪ್ ಮಡಚುವ ಕಾರಿನಲ್ಲಿ ಇನ್ನೊಂದು ಅಪಾಯ ಉಂಟು. ಮಾರುವವನು ಮೊದಲು ಮಾಡುವ ಕೆಲಸವೇ ಟಾಪ್ ತೆರೆದು ಮುಚ್ಚಿ ತೋರಿಸುವುದು. ಕೊಳ್ಳುವವನ ಕಣ್ಣು ಆಕಾಶಕ್ಕೆ ಹೋಗುತ್ತದೆ. ಗಿಯರ್‌ಬಾಕ್ಸ್ ಇರುವುದು ನೆಲದ ಕಡೆಗೆ.

ಅವನು ನೋಡಿದ ಮೊದಲನೆಯ ಕಾರು 2007ರ ಮಿನಿ ಕೂಪರ್ ಕನ್ವರ್ಟಿಬಲ್, ಆಟೋಮ್ಯಾಟಿಕ್. ಎಲ್ಲ ಆಟೋಮ್ಯಾಟಿಕ್ ಒಂದೇ ಅಲ್ಲ ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಆ ತಲೆಮಾರಿನ ಸಾದಾ ಕೂಪರಿನ ಆಟೋಮ್ಯಾಟಿಕ್‌ನಲ್ಲಿ ಹಲ್ಲಿನ ಗಿಯರುಗಳ ಸಾಲು ಇಲ್ಲ. ಅಗಲ ಕಿರಿದಾಗುವ ಎರಡು ಪುಲ್ಲಿಗಳು, ಅವುಗಳ ನಡುವೆ ಉಕ್ಕಿನ ಒಂದು ಬೆಲ್ಟು, ಅಷ್ಟೆ. ನಮ್ಮ ಅಕ್ಕಿಯ ಮಿಲ್ಲಿನ ಬೆಲ್ಟನ್ನು ನೆನಪಿಸಿಕೊಳ್ಳಿ. ಇದಕ್ಕೆ ಸಿವಿಟಿ ಎನ್ನುತ್ತಾರೆ. ಓಡುವಾಗ ನುಣುಪು, ಕೆಟ್ಟಾಗ ದುಬಾರಿ. ಮಿನಿಯ ಆ ಸಿವಿಟಿ ಕೆಟ್ಟ ಹೆಸರು ಪಡೆದಿತ್ತು. ಅದೇ ಕಾಲದ ಕೂಪರ್ ಎಸ್‌ನಲ್ಲಿಯೂ 2009ರಿಂದ ಬಂದ ಮುಂದಿನ ಕನ್ವರ್ಟಿಬಲಿನಲ್ಲಿಯೂ ಇರುವುದು ಆರು ಗಿಯರಿನ ಮಾಮೂಲು ಆಟೋಮ್ಯಾಟಿಕ್. ಹೊರಗಿನಿಂದ ನೋಡಿದರೆ ಈ ವ್ಯತ್ಯಾಸ ತಿಳಿಯುವುದಿಲ್ಲ, ಕೇಳಿ ತಿಳಿಯಬೇಕು. ಫಿಯೆಟ್ 500ಸಿ, ಸ್ಮಾರ್ಟ್ ಫೋರ್‌ಟು ಮುಂತಾದ ಪುಟಾಣಿಗಳಲ್ಲಿ ಮತ್ತೊಂದು ಜಾತಿ ಉಂಟು: ಒಳಗೆ ಮ್ಯಾನುವಲ್ ಗಿಯರ್, ಕ್ಲಚ್ ತುಳಿಯುವ ಕೆಲಸ ಮಾತ್ರ ಯಂತ್ರದ್ದು. ಅದು ಗಿಯರ್ ಬದಲಿಸುವಾಗ ತಲೆ ಮುಂದಕ್ಕೆ ವಾಲುವುದು ಸಹಜ, ಅದನ್ನು ರೋಗವೆಂದು ತಿಳಿಯಬಾರದು.

"ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡು" ಎಂದಿದ್ದೆ. ಮುಟ್ಟಿದ, ಬಿಸಿ ಇತ್ತು. ಬೆಳಿಗ್ಗೆ ಎಂಟು ಗಂಟೆಗೆ ನಿಂತಲ್ಲೇ ನಿಂತಿದ್ದ ಕಾರಿನ ಬಾನೆಟ್ ಯಾಕೆ ಬಿಸಿಯಾಗಬೇಕು? ತಣ್ಣಗಿನ ಗಾಡಿಯಲ್ಲಿ 'ಡಿ'ಗೆ ಹಾಕಿದ ಮೇಲೆ ಎಷ್ಟು ಹೊತ್ತಿಗೆ ಚಲಿಸುತ್ತದೆ, 'ಆರ್'ಗೆ ಹಾಕಿದಾಗ ಧಡಕ್ಕೆನ್ನುತ್ತದೆಯೇ ಎಂಬುದನ್ನು ನಾವು ನೋಡದ ಹಾಗೆ ಮೊದಲೇ ಕಾಯಿಸಿ ಇಡುವವರಿದ್ದಾರೆ. ಆದರೂ ಓಡಿಸಲು ಹೇಳಿದೆ, ಅರ್ಧ ಗಂಟೆಗಿಂತ ಕಡಿಮೆ ಬೇಡ ಎಂದೆ. ಆಟೋಮ್ಯಾಟಿಕ್‌ನ ಕೆಲವು ದೋಷಗಳು ಎಣ್ಣೆ ಪೂರ್ತಿ ಕಾದ ಮೇಲೆಯೇ ಹೊರಗೆ ಬರುತ್ತವೆ. ಇಪ್ಪತ್ತನೆಯ ನಿಮಿಷಕ್ಕೆ ಸಿಗ್ನಲಿನಲ್ಲಿ ನಿಂತು ಹೊರಡುವಾಗ ಗಾಡಿ ಒಮ್ಮೆ ನಡುಗಿತು, ಇಂಜಿನ್ ಕೂಗಿತು, ವೇಗ ಮಾತ್ರ ಏರಲಿಲ್ಲ. ಬೆಲ್ಟು ಜಾರುವ ಲಕ್ಷಣ. ಬೇಡವೆಂದೆ.

ಎರಡನೆಯದು ಮಾಜ್ದಾ ಎಂಎಕ್ಸ್-5, ಆಟೋಮ್ಯಾಟಿಕ್. ಬೆಲೆ ತೀರಾ ಕಡಿಮೆ. ಬೆಲೆ ಕಡಿಮೆ ಎಂದ ಕೂಡಲೇ ನನಗೆ ನೆನಪಾದದ್ದು 2024ರ ಏಪ್ರಿಲ್ 16ರ ಮಳೆ. ಯುಎಇಯಲ್ಲಿ ಎಪ್ಪತ್ತೈದು ವರ್ಷಗಳ ದಾಖಲೆಯಲ್ಲೇ ಅಂಥದ್ದು ಬಂದಿರಲಿಲ್ಲ. ಅಲ್ ಐನ್ ಕಡೆಯ ಒಂದು ಜಾಗದಲ್ಲಿ ಒಂದು ದಿನದೊಳಗೆ 254 ಮಿಲಿಮೀಟರ್ ಸುರಿಯಿತು. ಜೂನ್ ತಿಂಗಳಲ್ಲಿ ನಮಗದು ದೊಡ್ಡ ಸಂಗತಿಯಲ್ಲ, ಮರಳುಗಾಡಿಗೆ ಪ್ರಳಯ. ಆ ದಿನ ಸಾಲು ಸಾಲು ಕಾರುಗಳು ನೀರಿನಲ್ಲಿ ಮುಳುಗಿದವು. ಅಂಥವು ತೊಳೆದು ಒಣಗಿಸಿಕೊಂಡು ಮತ್ತೆ ಮಾರಾಟಕ್ಕೆ ಬರುತ್ತವೆ. ಗಿಯರ್‌ಬಾಕ್ಸಿಗೆ ಉಸಿರಾಡಲು ಒಂದು ಸಣ್ಣ ರಂಧ್ರ ಇರುತ್ತದೆ. ಅದರ ಮೂಲಕ ನೀರು ಒಳಗೆ ಹೋದರೆ ಕೆಂಪು ಎಣ್ಣೆ ರೋಸ್ ಮಿಲ್ಕಿನ ಬಣ್ಣಕ್ಕೆ ತಿರುಗುತ್ತದೆ, ಒಳಗಿನ ಕ್ಲಚ್ ಪ್ಲೇಟುಗಳ ಪದರ ಮೆತ್ತಗಾಗಿ ಕಳಚುತ್ತದೆ. ಎಣ್ಣೆ ಬದಲಿಸಿ ಬಣ್ಣ ಸರಿಮಾಡಬಹುದು, ಕಳಚಿದ್ದು ಕೂಡುವುದಿಲ್ಲ. "ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆ" ಎಂದೆ. ಎಳೆದು ಫೋಟೋ ಕಳುಹಿಸಿದ. ಕೊನೆಯ ಒಂದು ಗೇಣಿನಲ್ಲಿ ಕೆಸರಿನ ಗೆರೆ ಇತ್ತು. ಮಾರುವವನು "ಪಾಸಿಂಗ್ ಆಗಿದೆ" ಎಂದು ಕಾಗದ ತೋರಿಸಿದನಂತೆ. ಪಾಸಿಂಗಿನಲ್ಲಿ ಬ್ರೇಕು, ಲೈಟು, ಚಾಸಿಸ್, ಹೊಗೆ ಇವನ್ನು ನೋಡುತ್ತಾರೆ. ಗಿಯರ್‌ಬಾಕ್ಸ್ ಇನ್ನು ಎಷ್ಟು ದಿನ ಬಾಳುತ್ತದೆಂದು ಅದರಲ್ಲಿ ಬರೆದಿರುವುದಿಲ್ಲ.

ಹುಡುಗ ಬೇಸರಪಟ್ಟ. ಮೂರು ವಾರ ಸುಮ್ಮನಿದ್ದ. ಜನವರಿಯಲ್ಲಿ ಮೂರನೆಯದು ಸಿಕ್ಕಿತು, 2009ರ ಎಂಎಕ್ಸ್-5, ಬಟ್ಟೆಯ ಟಾಪ್, ಮ್ಯಾನುವಲ್. ಅಲ್ಲಿ ಆಟೋಮ್ಯಾಟಿಕ್‌ನಲ್ಲಿ ಟೆಸ್ಟ್ ಕೊಟ್ಟವರಿಗೆ ಮ್ಯಾನುವಲ್ ಓಡಿಸಲು ಲೈಸೆನ್ಸ್ ಇಲ್ಲ. ಇವನದು ಮ್ಯಾನುವಲ್ ಲೈಸೆನ್ಸ್, ಹಾಗಾಗಿ ಆ ತೊಂದರೆ ಇರಲಿಲ್ಲ. 1989ರಲ್ಲಿ ಹುಟ್ಟಿದ ಈ ಕಾರು 2016ಕ್ಕೆ ಹತ್ತು ಲಕ್ಷ ದಾಟಿತು. ಬಿಡಿಭಾಗ ಸಿಗುತ್ತದೆ, ಒಳಗಿನ ರಚನೆಯೂ ಸರಳ. (ಹೊಸ ತಲೆಮಾರಿನಲ್ಲಿ, ಅಂದರೆ 2016-17ರ ಮಾದರಿಗಳಲ್ಲಿ, ಮ್ಯಾನುವಲ್ ಗಿಯರ್‌ಬಾಕ್ಸಿನ ದೂರು ಬಂದು ಕಂಪನಿ ಒಳಭಾಗಗಳನ್ನು ಬದಲಿಸಿತು. ಅವನ್ನು ಕೊಳ್ಳುವವರು ಇದನ್ನು ಕೇಳಿಕೊಳ್ಳಬೇಕು.)

ಈ ಸಲ ಬಾನೆಟ್ ತಣ್ಣಗಿತ್ತು. ಇಂಜಿನ್ ಚಾಲೂ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು, ಕ್ಲಚ್ ಒತ್ತಿ ಬಿಟ್ಟು ಶಬ್ದವನ್ನು ರೆಕಾರ್ಡ್ ಮಾಡಿ ಕಳುಹಿಸಲು ಹೇಳಿದೆ. ನನ್ನವಳಿಗೆ ಕುಕ್ಕರ್ ಇಳಿಸಲು ಹೇಳಿ ಫೋನನ್ನು ಕಿವಿಗೆ ಹಿಡಿದು ನಾಲ್ಕು ಸಲ ಕೇಳಿದೆ. ಕ್ಲಚ್ ಬಿಟ್ಟಿರುವಾಗ ಗುರುಗುಟ್ಟಿ, ಒತ್ತಿದಾಗ ನಿಂತರೆ ಗಿಯರ್‌ಬಾಕ್ಸಿನ ಬೇರಿಂಗ್ ಸವೆದಿದೆ. ಒತ್ತಿದಾಗ ಮಾತ್ರ ಶಬ್ದ ಬಂದರೆ ಕ್ಲಚ್ಚಿನ ರಿಲೀಸ್ ಬೇರಿಂಗ್. ಇದರಲ್ಲಿ ಎರಡೂ ಇರಲಿಲ್ಲ. ಎರಡನೆಯ ಗಿಯರ್ ಮಾತ್ರ ಮೊದಲ ಒಂದೆರಡು ಕಿಲೋಮೀಟರ್ ಕರಕ್ ಎಂದಿತು. ಎಣ್ಣೆ ಕಾದ ಮೇಲೆ ಸುಮ್ಮನಾಯಿತು. ಅಷ್ಟಿದ್ದರೆ ಈ ಕಾರಿನಲ್ಲಿ ಹೆದರಬೇಕಾಗಿಲ್ಲ. ಬಿಸಿಯಾದ ಮೇಲೂ ಕರಕರ ಎಂದರೆ ಸಿಂಕ್ರೊ ಸವೆದಿದೆ ಎಂದೇ ಅರ್ಥ. ಎರಡರಲ್ಲಿ, ಮೂರರಲ್ಲಿ ಜೋರಾಗಿ ಎಳೆದು ಒಮ್ಮೆಲೇ ಕಾಲು ತೆಗೆಯಲು ಹೇಳಿದೆ, ಲಿವರ್ ತಾನಾಗಿ ಹೊರಗೆ ಹಾರುತ್ತದೆಯೇ ನೋಡಲಿಕ್ಕೆ. ಹಾರಲಿಲ್ಲ. ಮೇಲಿನ ಗಿಯರಿನಲ್ಲಿ ನಿಧಾನ ಹೋಗುತ್ತಾ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಮಾತ್ರ ಕೂಗಿ ಗಾಡಿ ಹಿಂದೆ ಉಳಿಯಲಿಲ್ಲ, ಅಂದರೆ ಕ್ಲಚ್ ಜಾರುತ್ತಿಲ್ಲ. ರಿವರ್ಸಿನಲ್ಲಿ ಕುಂಯ್ ಎಂದದ್ದಕ್ಕೆ ಅವನು ಗಾಬರಿಯಾಗಿದ್ದ. ರಿವರ್ಸಿನ ಹಲ್ಲುಗಳು ನೇರ, ಅದು ಹಾಗೆಯೇ ಹಾಡುವುದು.

ಆಮೇಲೆ ಗ್ಯಾರೇಜಿಗೆ ಒಯ್ದು ಮೇಲಕ್ಕೆ ಎತ್ತಿಸಿದ. ಕ್ಲಚ್ಚಿನ ಸ್ಲೇವ್ ಸಿಲಿಂಡರಿನ ರಬ್ಬರ್ ಸರಿಸಿದಾಗ ಒಳಗೆ ತೇವ ಕಂಡಿತು. ಸಣ್ಣ ಖರ್ಚಿನ ಕೆಲಸ, ಆದರೆ ಚೌಕಾಸಿಗೆ ಒಳ್ಳೆಯ ಆಧಾರ. ಗಿಯರ್ ಎಣ್ಣೆ ಇಳಿಸುವ ಬೋಲ್ಟಿನ ಅಯಸ್ಕಾಂತದಲ್ಲಿ ವಿಭೂತಿಯಂಥ ನುಣ್ಣನೆಯ ಬೂದು ಪುಡಿ ಮಾತ್ರ ಇತ್ತು. ಚೂರು ಇದ್ದಿದ್ದರೆ ಆ ಕ್ಷಣವೇ ಎದ್ದು ಬಾ ಎನ್ನುತ್ತಿದ್ದೆ. 26 ಸಾವಿರ ಕೇಳಿದ್ದವನು 24,500ಕ್ಕೆ ಒಪ್ಪಿದ. ಹಂಚಿನ ಹತ್ತು ಸಾವಿರಕ್ಕೆ ಕೈ ಹಾಕಬೇಕಾಗಲಿಲ್ಲ, ಫೆಬ್ರವರಿಯಲ್ಲಿ ಅದು ಅಕ್ಕನ ಖಾತೆಗೆ ಬಂತು.

ಕೊಂಡ ವಾರದಲ್ಲೇ ಸ್ಲೇವ್ ಸಿಲಿಂಡರ್ ಬದಲಿಸಿ, ಹೊಸ ಗಿಯರ್ ಎಣ್ಣೆ ಹಾಕಿಸಿದ. ಜಿಎಲ್-4 ದರ್ಜೆಯದ್ದು, 75ಡಬ್ಲ್ಯು-90 ಎಂದು ಡಬ್ಬದ ಮೇಲೆ ಓದಿ ಹಾಕಿಸು, ಕೈಗೆ ಸಿಕ್ಕಿದ್ದನ್ನು ಸುರಿಯಲು ಬಿಡಬೇಡ ಎಂದು ಹೇಳಿದ್ದೆ. ಡಬ್ಬದ ಫೋಟೋ ಕಳುಹಿಸಿದ. ಏಪ್ರಿಲ್ ಕಳೆದರೆ ಅಲ್ಲಿನ ಸೆಕೆಗೆ ಟಾಪ್ ತೆರೆಯುವ ಹಾಗಿಲ್ಲ. ಅಷ್ಟರೊಳಗೆ ಹಟ್ಟಾದ ಗುಡ್ಡಗಳ ಕಡೆ ಎರಡು ಸಲ ಹೋಗಿ ಬಂದನಂತೆ. ಎರಡನೆಯ ಗಿಯರ್ ಬೆಳಿಗ್ಗೆ ಈಗಲೂ ಒಮ್ಮೆ ಕರಕ್ ಎನ್ನುತ್ತದೆಯಂತೆ.